ನೀರು ಕೇಳುವ ಕೋಲು

ತಿಥಿ ಮುಗಿಸಿ ನೆಂಟರೆಲ್ಲ ಹೋದರು. ಬಾಡಿಗೆಗೆ ತಂದಿದ್ದ ಕುರ್ಚಿಗಳೂ ಹೋದವು. ಮರುದಿನ ಬೆಳಗ್ಗೆ ಅವಳು ಒಲೆಯ ಮುಂದೆ ನಿಂತು ಹಾಲು ಉಕ್ಕುವುದನ್ನೇ ನೋಡುತ್ತಿದ್ದಳು. ಉಕ್ಕಿತು, ಪಾತ್ರೆಯ ಅಂಚು ದಾಟಿತು, ಒಲೆಯ ಮೇಲೆಲ್ಲ ಹರಿಯಿತು.

"ಅಯ್ಯೋ, ಎದುರಿಗೇ ನಿಂತಿದ್ದೀಯಲ್ಲೇ! ಕಣ್ಣೇನು ಒತ್ತೆ ಇಟ್ಟಿದ್ದೀಯಾ?" ಎಂದು ಅತ್ತೆ ಹಿಂದಿನಿಂದ ಗದರಿದರು. ಗದರಿದ ಮೇಲೆ ತಾವೇ ಬೆಚ್ಚಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಅವಳಿಗೆ ಆ ಗದರಿಕೆ ಹಿತವಾಗಿತ್ತು. ಇಷ್ಟು ದಿನ ಎಲ್ಲರೂ ಅವಳ ಹತ್ತಿರ ಪಿಸುದನಿಯಲ್ಲೇ ಮಾತಾಡಿದ್ದರು, ತೊಟ್ಟಿಲ ಕೂಸು ಎದ್ದುಬಿಟ್ಟೀತು ಅನ್ನುವ ಹಾಗೆ.

ಬೀದಿಯ ಕೊನೆಯ ಕಂಬದ ಮೇಲಿದ್ದ ಧ್ವನಿವರ್ಧಕ ಎಂದಿನಂತೆ ಗಂಟಲು ಸರಿಮಾಡಿಕೊಂಡಿತು. "ನಾಗರಿಕರ ಗಮನಕ್ಕೆ. ಇಂದಿನ ಅಪಾಯದ ಮಟ್ಟ, ಹಳದಿ. ಅಪರಿಚಿತ ವಸ್ತು, ಅಪರಿಚಿತ ವ್ಯಕ್ತಿ ಕಂಡುಬಂದಲ್ಲಿ..." ಊರು ಹಳದಿಯಾಗಿ ವರ್ಷಗಳೇ ಕಳೆದಿದ್ದವು. ಗಂಡ ಕೆನ್ನೆಗೆಲ್ಲ ಸೋಪು ಬಳಿದುಕೊಂಡು, ಕನ್ನಡಿಯ ಮುಂದೆ, ಆ ದನಿಯ ಜೊತೆಗೇ ಪೂರ್ತಿ ಪಾಠ ಒಪ್ಪಿಸುತ್ತಿದ್ದ. ಕೊನೆಗೆ ರೇಜರ್ ಎತ್ತಿ, "ಇವತ್ತೂ ನಮ್ಮೂರಿನ ಕಾಮಾಲೆ ಇಳಿದಿಲ್ಲ ಕಣೇ" ಅನ್ನುತ್ತಿದ್ದ. ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಹಳಸಿದ ಜೋಕು. ಅವಳು ಒಂದು ದಿನವೂ ನಗುತ್ತಿರಲಿಲ್ಲ.

ಅವನು ಹೋದದ್ದು ಸುಮ್ಮನೆ. ಕಚೇರಿಗೆ ಹೊರಟು ಬೂಟಿನ ದಾರ ಕಟ್ಟಿಕೊಳ್ಳಲು ಬಾಗಿದವನು ಮತ್ತೆ ಏಳಲಿಲ್ಲ. ಹೃದಯ ಅಂದರು ವೈದ್ಯರು. ಯಾವ ಧ್ವನಿವರ್ಧಕವೂ ಅದರ ಬಗ್ಗೆ ಎಚ್ಚರಿಸಿರಲಿಲ್ಲ. ಬೈಯುವುದಕ್ಕೂ ಯಾರೂ ಸಿಗಲಿಲ್ಲ.

ಮನೆ ಗುಡಿಸುವಾಗ ಮಲಗುವ ಕೋಣೆಯ ಬಾಗಿಲ ಹಿಂದೆ ಪೊರಕೆಗೆ ಏನೋ ತಗುಲಿ ಠಣ್ ಅಂದಿತು. ಹಳೆಯ ಹಾಸಿನಲ್ಲಿ ಸುತ್ತಿ ನಿಲ್ಲಿಸಿದ್ದ ಕೋಲು. ಅವಳು ಸುತ್ತಿದ್ದನ್ನು ಬಿಚ್ಚಿದಳು. ಹೆಬ್ಬೆರಳ ದಪ್ಪದ ಕಬ್ಬಿಣದ ಸಲಾಕೆ, ಮೇಲುತುದಿಗೆ ಮರದ ಸಣ್ಣ ಬಟ್ಟಲು. ಕಿವಿ ಒತ್ತಿ ಒತ್ತಿ ಆ ಬಟ್ಟಲಿನ ಅಂಚು ನುಣುಪಾಗಿತ್ತು.

ಗಂಡ ನೀರು ಸರಬರಾಜು ಇಲಾಖೆಯಲ್ಲಿ ಸೋರಿಕೆ ವಿಭಾಗದ ಎಂಜಿನಿಯರ್. ನೆಲದಡಿಯ ಪೈಪು ಎಲ್ಲಿ ಒಡೆದಿದೆ ಎಂದು ಹುಡುಕುವುದು ಅವನ ಕೆಲಸ. ಕೋಲಿನ ತುದಿಯನ್ನು ಬೀದಿಯ ಪೈಪಿನ ಮೇಲೆ ಇಟ್ಟು, ಬಟ್ಟಲಿಗೆ ಕಿವಿ ಕೊಟ್ಟರೆ, ನೀರು ಸೋರುವ ಕಡೆ ಒಂದು ಸಣ್ಣ, ಎಡೆಬಿಡದ ಸದ್ದು ಕೇಳುತ್ತದೆ. ಈ ವಿದ್ಯೆ ಅವನಿಗೆ ಕಲಿಸಿದವರು ಅದೇ ವಿಭಾಗದಲ್ಲಿದ್ದು ನಿವೃತ್ತರಾದ ಮುದುಕರು. ಇಲಾಖೆಯಲ್ಲಿ ಅವರನ್ನು ಕಿವಿ ತಾತ ಎಂದೇ ಕರೆಯುತ್ತಿದ್ದರು. ಕೋಲು ಅವರದು, ಅವರೇ ಕೂತು ಮಾಡಿಕೊಂಡದ್ದು. ಸ್ವಲ್ಪ ದಿನ ಇಟ್ಟುಕೊಂಡು ಕೊಡುತ್ತೇನೆ ಎಂದು ತಂದವನು ಇವನು.

"ಇನ್ನೂ ಇದೆಯಾ ಆ ಹಾಳು ಕೋಲು?" ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಬಿಸಿನೀರಿನ ಒಲೆಗೆ ತುರುಕು. ಬೂದಿಯಾಗಲಿ."

"ಕಬ್ಬಿಣ ಹೇಗೆ ಬೂದಿ ಆಗುತ್ತೆ ಅತ್ತೆ?"

"ಓದಿದೋರ ಹತ್ರ ಮಾತಾಡೋದೇ ಕಷ್ಟ" ಎಂದು ಗೊಣಗಿಕೊಂಡು ಅತ್ತೆ ಒಳಗೆ ಹೋದರು.

ಅವಳು ಮಂಚದ ತುದಿಯಲ್ಲಿ ಕೂತಳು, ಕೋಲು ಮಡಿಲಲ್ಲಿ ಅಡ್ಡಲಾಗಿ.

ಅವಳು ಅವನನ್ನು ಮೊದಲು ನೋಡಿದ್ದೇ ಈ ಕೋಲಿನ ಜೊತೆ. ವಿಶ್ವವಿದ್ಯಾಲಯದಲ್ಲಿ ಚರಿತ್ರೆ ಓದುತ್ತಿದ್ದ ದಿನಗಳು. ಹಾಸ್ಟೆಲ್ಲಿನ ಗೇಟಿನ ಎದುರು ಒಬ್ಬ ಯುವಕ ಕಣ್ಣು ಮುಚ್ಚಿ, ಕತ್ತು ವಾಲಿಸಿ, ಕೋಲಿಗೆ ಒರಗಿ ನಿಂತಿದ್ದ. ಹುಡುಗಿಯರೆಲ್ಲ ಮಹಡಿಯ ಕಟ್ಟೆಗೆ ಸಾಲಾಗಿ ನಿಂತು ನೋಡಿದರು. ನಿಂತಲ್ಲೇ ನಿದ್ದೆ ಹೋಗಿದ್ದಾನೆ ಅಂದಳು ಒಬ್ಬಳು. ಪ್ರೀತಿ ಕೈಕೊಟ್ಟಿರಬೇಕು ಅಂದಳು ಇನ್ನೊಬ್ಬಳು. ವಾರ್ಡನ್ ಪೊಲೀಸಿನವನನ್ನು ಕರೆಸಿದರು. ಹೊಟ್ಟೆ ಮುಂದೆ ಮಾಡಿಕೊಂಡು ಸೈಕಲ್ಲಿನಿಂದ ಇಳಿದ ಆ ಪೊಲೀಸಿನವನು ವಿಚಾರಿಸಿ, ಆಮೇಲೆ ಟೋಪಿ ತೆಗೆದು ತಾನೇ ಬಟ್ಟಲಿಗೆ ಕಿವಿಯಿಟ್ಟ. "ಅಯ್ಯಯ್ಯೋ! ಒಳಗೆ ಸಮುದ್ರವೇ ಇದೆಯಲ್ರೀ!" ಎಂದು ಅವನು ಕೂಗಿದ್ದು ಮಹಡಿಯವರೆಗೂ ಕೇಳಿಸಿತು. ಆಮೇಲೆ ಹುಡುಗಿಯರೂ ಇಳಿದು ಬಂದು ಸಾಲುಗಟ್ಟಿದರು. ಅವಳ ಸರದಿ ಬಂದಾಗ ಆ ಯುವಕ, "ಏನು ಕೇಳ್ತಿದೆ?" ಎಂದು ಕೇಳಿದ. "ಯಾರೋ ಗುಟ್ಟು ಹೇಳ್ತಿರೋ ಹಾಗಿದೆ" ಅಂದಳು ಅವಳು. ಅವನಿಗೆ ಅಷ್ಟು ಸಾಕಾಯಿತಂತೆ. ಮದುವೆಯಾದ ಮೇಲೆ ಹೇಳಿದ್ದ.

ಒಳ್ಳೆಯ ಕಿವಿಯೇನೂ ಅಲ್ಲ ಅವನದು. ಒಮ್ಮೆ ಬೇಕರಿಯ ಮುಂದಿನ ರಸ್ತೆಯನ್ನು ಉದ್ದಕ್ಕೆ ಅಗೆಸಿಬಿಟ್ಟಿದ್ದ. ಸದ್ದು ಬಂದದ್ದು ಪೈಪಿನಿಂದಲ್ಲ, ಬೇಕರಿಯವನ ಹಿಟ್ಟು ನಾದುವ ಯಂತ್ರದಿಂದ. ಬೇಕರಿಯವನು ಅವನನ್ನು ಕಂಡಾಗಲೆಲ್ಲ, "ಏನ್ ಸಾರ್, ನಮ್ಮ ಹಿಟ್ಟು ಇವತ್ತೂ ಸೋರ್ತಿದೆಯಾ?" ಎಂದು ಕಾಲೆಳೆಯುತ್ತಿದ್ದ. ಆಗ ಊರು ಹಾಗಿತ್ತು. ಬೀದಿಯಲ್ಲಿ ಯಾರು ಏನು ಮಾಡುತ್ತಿದ್ದರೂ ಜನ ಹತ್ತಿರ ಬಂದು ಕೇಳುತ್ತಿದ್ದರು. ದೂರ ನಿಂತು ಫೋನ್ ಮಾಡುತ್ತಿರಲಿಲ್ಲ.

ಆಮೇಲೆ ಒಂದು ದಿನ ಅವನು ಸಂಜೆಗೆ ಮನೆಗೆ ಬರಲಿಲ್ಲ. ಎಂದಿನಂತೆ ಒಂದು ಬೀದಿಯಲ್ಲಿ ಕೋಲಿಗೆ ಕಿವಿಯಿಟ್ಟು ನಿಂತಿದ್ದಾಗ ಯಾರೋ ಭದ್ರತಾ ಕಚೇರಿಗೆ ಫೋನ್ ಮಾಡಿದ್ದರು. ಬಂದವರಲ್ಲಿ ಯಾರೂ ಟೋಪಿ ತೆಗೆಯಲಿಲ್ಲ. ರಾತ್ರಿಯೆಲ್ಲ ಅವನನ್ನು ಕಚೇರಿಯಲ್ಲಿ ಕೂರಿಸಿಕೊಂಡಿದ್ದರು. ಮರುದಿನ ಬೆಳಗ್ಗೆ ಮನೆಗೆ ಬಂದವನು ಆ ವಿಚಾರಣೆಯನ್ನೂ ನಾಟಕ ಮಾಡಿ ತೋರಿಸಿದ್ದ. "ಯಾರ ಮನೆ ಮಾತು ಕೇಳ್ತಿದ್ದೆ?" "ಪೈಪಿನ ಮಾತು ಸಾರ್." "ಏನಂತು ಪೈಪು?" "ಸೋರ್ತಿದೀನಿ ಅಂತು ಸಾರ್." ನಗಿಸಲು ನೋಡಿದ. ಕೊಟ್ಟ ಚಹಾ ಮಾತ್ರ ಕುಡಿಯದೆ ಹಾಗೇ ಇಟ್ಟ. ಆಗಿನ್ನೂ ಕೋಲಿನ ಮೇಲೆ ಯಾವ ಆದೇಶವೂ ಇರಲಿಲ್ಲವಾದ್ದರಿಂದ ಅದನ್ನು ವಾಪಸ್ ಕೊಟ್ಟಿದ್ದರು. ಆದೇಶ ಆಮೇಲೆ ಬಂತು. ಗೋಡೆಯಾಚೆಯ, ನೆಲದಡಿಯ ಸದ್ದು ಕೇಳುವ ಯಾವ ಸಾಧನವನ್ನೂ ಯಾರೂ ಮನೆಯಲ್ಲಿ ಇಟ್ಟುಕೊಳ್ಳಬಾರದು, ಒಪ್ಪಿಸಬೇಕು. ಬದಲಿಗೆ ಇಲಾಖೆಗೆ ಸೋರಿಕೆ ಹುಡುಕುವ ಒಂದು ಯಂತ್ರ ಕೊಟ್ಟರು. ಅದನ್ನು ಹೊರಗೆ ತೆಗೆಯಲು ಪ್ರತಿ ಸಲ ಅನುಮತಿ ಬೇಕು. ಅನುಮತಿ ಬರುವ ಹೊತ್ತಿಗೆ ರಸ್ತೆಯೇ ಕುಸಿದಿರುತ್ತಿತ್ತು.

ಅವನು ಕೋಲನ್ನು ಒಪ್ಪಿಸಲೂ ಇಲ್ಲ, ತಾತನಿಗೆ ಕೊಡಲೂ ಇಲ್ಲ. "ತಾತಂಗೆ ಕೊಡ್ಬೇಕು, ಸ್ವಲ್ಪ ತಣ್ಣಗಾಗಲಿ" ಅನ್ನುತ್ತಲೇ ಇದ್ದ. ಭಾನುವಾರಗಳಲ್ಲಿ ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಇಬ್ಬರೂ ಪೈಪಿಗೆ ಕೋಲಿಟ್ಟು ಕೇಳುತ್ತಿದ್ದರು. ಮೇಲಿನ ಮನೆಯವರು ಬಟ್ಟೆ ಒಗೆಯುತ್ತಿದ್ದಾರೆ, ಎದುರು ಮನೆಯ ತೊಟ್ಟಿ ತುಂಬಿತು ಎಂದು ಪಂತ ಕಟ್ಟುತ್ತಿದ್ದರು. ಕಳ್ಳರ ಹಾಗೆ ಕಿಸಕ್ಕೆಂದು ನಗುತ್ತಿದ್ದರು.

ಮಧ್ಯಾಹ್ನ ಮೈದುನ ಬಂದ. ಭದ್ರತಾ ಕಚೇರಿಯಲ್ಲಿ ಗುಮಾಸ್ತ ಅವನು. ಬೆಳಗಿನ ಧ್ವನಿವರ್ಧಕದ ಮಾತು ಸಿದ್ಧವಾಗುವುದು ಅವನ ಮೇಜಿನ ಮೇಲೇ. ಅಣ್ಣನಿಗಿಂತ ಚಿಕ್ಕವನಾದರೂ ಮುಂದಲೆಯ ಕೂದಲೆಲ್ಲ ಆಗಲೇ ಹೋಗಿತ್ತು. ಊಟಕ್ಕೆ ಕೂತವನ ಕಣ್ಣು ಮಲಗುವ ಕೋಣೆಯ ಕಡೆಗೆ ಹೋಯಿತು. ಕೋಲು ಮಂಚದ ಮೇಲೇ ಇತ್ತು.

"ಅತ್ತಿಗೆ, ಇದನ್ನ ನಂಗೆ ಕೊಟ್ಬಿಡಿ. ನಾನು ಒಪ್ಪಿಸ್ತೀನಿ. ಗಡುವು ಮುಗಿದುಹೋಗಿದೆ, ಆದ್ರೂ ಸಾವಾದ ಮನೇದು ಅಂದ್ರೆ ಯಾರೂ ಜಾಸ್ತಿ ಕೆದಕಲ್ಲ."

"ಏನಂತ ಬರ್ಕೋತಾರೆ?"

"ಏನೋ ಒಂದು. ಕದ್ದು ಕೇಳುವ ಸಾಧನ, ಇಂಥವರಿಂದ ವಶ."

"ಇಂಥವರಿಂದ ಅಂದ್ರೆ?"

ಅವನು ತುತ್ತು ಕಲಸುತ್ತಲೇ ಇದ್ದ. "ಅಣ್ಣನ ಹೆಸರು ಹಾಕ್ಬೇಕಾಗುತ್ತೆ."

ಇಲಾಖೆಯವರು ಆಗಲೇ ಬಂದು ಗುರುತಿನ ಚೀಟಿ, ಬೂಟು, ಟಾರ್ಚು ತೆಗೆದುಕೊಂಡು ಹೋಗಿದ್ದರು. ಅವು ಅವರವೇ, ಕೊಟ್ಟಳು. ಇದು ಹಾಗಲ್ಲ. ಇದು ಆ ಕಚೇರಿಗೆ ಹೋದರೆ, ಗಂಡನ ಬಗ್ಗೆ ಊರಿನ ಕಾಗದಗಳಲ್ಲಿ ಉಳಿಯುವ ಕೊನೆಯ ಮಾತು ಇದೇ ಆಗುತ್ತದೆ, ಕದ್ದು ಕೇಳಿದವನು ಎಂದು. ನಾಳೆ ಅವಳಂಥ ಯಾರೋ ಚರಿತ್ರೆಯ ವಿದ್ಯಾರ್ಥಿನಿ ಅದನ್ನು ಓದಿ ನಂಬುತ್ತಾಳೆ.

"ನಿಮ್ಮಣ್ಣ ಕದ್ದು ಕೇಳೋದಾ?" ಅಂದಳು. "ಎದುರಿಗೆ ನಿಂತು ಕೂಗಿದ್ರೇ ಅವರಿಗೆ ಕೇಳ್ತಿರಲಿಲ್ಲ."

ಅತ್ತೆಗೆ ನಗು ಬಂದುಬಿಟ್ಟಿತು. ನಗುತ್ತಲೇ ಕಣ್ಣು ಒರೆಸಿಕೊಂಡರು.

"ನಗೋ ವಿಷಯ ಅಲ್ಲ ಅತ್ತಿಗೆ."

"ಅಲ್ಲ. ಒಂದು ಕೇಳ್ತೀನಿ, ಹೇಳು. ಈ ಹಳದಿ ಯಾವತ್ತು ಹಸಿರಾಗುತ್ತೆ?"

ಮೈದುನ ಕೈ ನಿಲ್ಲಿಸಿದ. "ಹಸಿರು ಅಂತ ಬರೆದ್ರೆ ಯಾರಾದ್ರೂ ಸಹಿ ಹಾಕ್ಬೇಕಲ್ಲ. ಇವತ್ತು ಹಸಿರು ಅಂತ ಸಹಿ ಹಾಕಿ ನಾಳೆ ಏನಾದ್ರೂ ಸಿಡಿದ್ರೆ? ಸಹಿ ಹಾಕಿದವನು ಕೆಲಸ ಕಳ್ಕೊಂಡು ಮನೆಗೆ ಹೋದ. ಹಳದಿಗೆ ಸಹಿ ಹಾಕಿದವನಿಗೆ ಮಾತ್ರ ಯಾವತ್ತೂ ಏನೂ ಆಗಿಲ್ಲ. ಅಲ್ಲಿ ಯಾರೂ ಕೆಟ್ಟವರಲ್ಲ ಅತ್ತಿಗೆ. ಎಲ್ಲರಿಗೂ ಅವರವರ ಕುರ್ಚಿ ಚಿಂತೆ."

"ಹಾಗಾದ್ರೆ ನಿಜವಾಗಿ ಎಷ್ಟು ಅಪಾಯ ಇದೆ ಅಂತ ನಿಮಗೂ ಗೊತ್ತಿಲ್ಲ."

"ಇಲ್ಲ ಅಂತಾನೂ ಗೊತ್ತಿಲ್ಲ."

"ಅವನು ಹೇಳೋದು ಸುಳ್ಳಲ್ಲಮ್ಮ" ಅಂದರು ಅತ್ತೆ. ನೀರಿನ ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದರು. "ಮಾರುಕಟ್ಟೇಲಿ ಬಾಂಬು ಸಿಡೀತಲ್ಲ, ಆವತ್ತು ನಾನಲ್ಲಿದ್ದೆ. ನನ್ನ ಕೈಲಿದ್ದ ಚೀಲ ಹಂಗೇ ಇತ್ತು. ನನ್ನ ಪಕ್ಕದಲ್ಲಿ ನಿಂತು ಚೌಕಾಸಿ ಮಾಡ್ತಿದ್ದೋಳು ಇರ್ಲಿಲ್ಲ. ಆವತ್ತಿಂದ ಯಾರು ಏನು ಬಿಗಿ ಮಾಡಿದ್ರೂ ಒಳ್ಳೇದೇ ಆಯ್ತು ಅಂದೋಳು ನಾನು."

ಆ ಭಯ ನಿಜದ್ದು. ಅವಳು ಅವರ ಲೋಟಕ್ಕೆ ನೀರು ಬಗ್ಗಿಸುತ್ತಾ, "ನೀರಿನ ಟ್ಯಾಂಕಿನ ಹತ್ರ ಬಾಟ್ಲಿ ಸಿಕ್ತು, ವಿಷ ಇರಬೇಕು ಅಂತ ಬೇಲಿ ಹಾಕಿದ್ರು. ಕೆಮ್ಮಿನ ಔಷಧಿ ಅಂತ ಗೊತ್ತಾಯ್ತಲ್ಲ ಅತ್ತೆ" ಅಂದಳು. "ಬೇಲಿ ಮಾತ್ರ ಹಾಗೇ ಉಳೀತು."

ಮೈದುನ ಕೈ ತೊಳೆದು, ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಂಡು, ಗೋಡೆಯ ಕಡೆ ನೋಡುತ್ತಾ ಹೇಳಿದ: "ನಾನು ಊಟ ಮಾಡಿದೆ, ಬೇರೇನೂ ನೋಡಲಿಲ್ಲ. ಸಂಜೆ ಬರ್ತೀನಿ. ಆಗ ಅದು ಇಲ್ಲಿದ್ರೆ ತಗೊಂಡು ಹೋಗ್ತೀನಿ. ಇಲ್ದಿದ್ರೆ... ಇಲ್ಲ."

ಅವನು ತಿರುವು ದಾಟಿದ್ದೇ ಅವಳು ಸೀರೆ ಬದಲಿಸಿದಳು. ಕೋಲನ್ನು ಹಾಸಿನಲ್ಲಿ ಸುತ್ತತೊಡಗಿದಳು.

"ಎಲ್ಲಿಗೆ?"

"ತಾತನ ಮನೆಗೆ. ಕೊಟ್ಟು ಬರ್ತೀನಿ."

"ದಾರೀಲಿ ತಪಾಸಣೆ ಗೇಟಿದೆ. ಇದೇನು ಅಂದ್ರೆ ಏನ್ ಹೇಳ್ತೀಯಾ?"

"ನೀರು ಕೇಳೋ ಕೋಲು ಅಂತೀನಿ."

"ಹೇಳ್ತೀಯಾ, ಹೇಳ್ತೀಯಾ!" ಅತ್ತೆ ಹಣೆ ಚಚ್ಚಿಕೊಂಡರು. "ಸುಳ್ಳು ಹೇಳೋಕೆ ಬರಲ್ಲ ನಿಂಗೆ. ಬಾಯಿ ಸುಮ್ಮನಿದ್ರೂ ಮುಖಾನೇ ಹೋಗಿ ದೂರು ಕೊಡುತ್ತೆ. ತಾ ಇಲ್ಲಿ."

ಕಸಿದುಕೊಂಡು ಒಲೆಯ ಕಡೆ ಹೊರಟವರು ಅಡುಗೆಮನೆಯ ಹೊಸ್ತಿಲಲ್ಲೇ ನಿಂತರು. ಸುತ್ತಿದ್ದ ಹಾಸು ಜಾರಿ, ಮರದ ಬಟ್ಟಲು ಅವರ ಮುಖದ ಹತ್ತಿರಕ್ಕೆ ಬಂದಿತ್ತು. ಅತ್ತೆ ಅದನ್ನು ಮೂಸಿದರು. ಇನ್ನೊಮ್ಮೆ ಮೂಸಿದರು.

"ಅವನ ತಲೆ ಎಣ್ಣೆ" ಅಂದರು. ಬಹಳ ಹೊತ್ತು ಆ ಬಟ್ಟಲಿಗೆ ಕೆನ್ನೆ ಕೊಟ್ಟು ನಿಂತರು. ಆಮೇಲೆ ಕೋಲಿನ ತುದಿಯನ್ನು ನೆಲಕ್ಕೆ ಕುಟ್ಟಿ ನೋಡಿದರು, ಭಾರ ಹಾಕಿ ನೋಡಿದರು. "ನನ್ನ ಚಪ್ಪಲಿ ಕೊಡು. ನಾನೂ ಬರ್ತೀನಿ."

ಇಬ್ಬರೂ ಬೀದಿಗಿಳಿದರು. ಅತ್ತೆಗೆ ನಡೆಯಲು ಯಾವ ಆಸರೆಯೂ ಬೇಕಿರಲಿಲ್ಲ. ತರಕಾರಿ ಅಂಗಡಿಗೆ ಅವರು ಹೋಗುವ ವೇಗಕ್ಕೆ ಮಕ್ಕಳೇ ಏದುಸಿರು ಬಿಡುತ್ತಿದ್ದರು. ಈಗ ಮಾತ್ರ ಸೊಂಟ ಬಗ್ಗಿಸಿ, ಪ್ರತಿ ಹೆಜ್ಜೆಗೂ ನರಳಿ, ಭುಜದೆತ್ತರದ ಕೋಲನ್ನು ಟಕ್ ಟಕ್ ಎಂದು ಊರುತ್ತಾ ನಡೆದರು.

"ಅಷ್ಟು ನರಳಬೇಡಿ ಅತ್ತೆ, ಆಸ್ಪತ್ರೆಗೆ ಸೇರಿಸ್ತಾರೆ."

"ಸುಮ್ನಿರೇ. ನಿಂಗೇನು ಗೊತ್ತು ಮುದುಕಿಯಾಗೋದು."

ಟ್ಯಾಂಕಿನ ಗುಡ್ಡ ಬಲಗಡೆಗೆ ಬಂತು. ಮೊದಲು ಅದರ ಸುತ್ತ ಉದ್ಯಾನವಿತ್ತು. ಸಂಜೆಯಾದರೆ ಅರ್ಧ ಊರು ಅಲ್ಲೇ ಇರುತ್ತಿತ್ತು. ಟ್ಯಾಂಕಿನ ಗೋಡೆಗೆ ಬೆನ್ನು ಕೊಟ್ಟರೆ ಸೀರೆಯೊಳಗಿಂದ ತಂಪು ಬೆನ್ನಿಗೆ ಹತ್ತುತ್ತಿತ್ತು. ಅಲ್ಲಿ ಕೂತೇ ಅವನು ಒಮ್ಮೆ, "ನಿನ್ನ ಚರಿತ್ರೆ ಪುಸ್ತಕದಲ್ಲಿ ರಾಜರಿದ್ದಾರೆ, ದಂಡಿದೆ. ಅವರೆಲ್ಲರಿಗೂ ನೀರು ತಂದುಕೊಟ್ಟವನು ಎಲ್ಲೇ?" ಎಂದು ಜಗಳ ತೆಗೆದಿದ್ದ. ಈಗ ಮುಳ್ಳುತಂತಿಯ ಒಳಗೆ ಕಳೆ ಎದೆಯುದ್ದ ಬೆಳೆದಿತ್ತು. ಬೆಂಚೊಂದರ ಬೆನ್ನು ಮಾತ್ರ ಕಾಣುತ್ತಿತ್ತು. ಅವಳಿಗೆ ಅಳು ಬರಬೇಕಿತ್ತು. ಬರಲಿಲ್ಲ.

ಗೇಟಿನಲ್ಲಿ ಪೊಲೀಸಿನವನು ಅವಳ ಕೈಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದ. ಬಾಚಣಿಗೆ, ಕರವಸ್ತ್ರ, ಅವಳು ಚರಿತ್ರೆ ಪಾಠ ಹೇಳುವ ಕಾಲೇಜಿನ ಬೀರುವಿನ ಬೀಗದಕೈ. ಬೀಗದಕೈಯನ್ನು ಬೆಳಕಿಗೆ ಹಿಡಿದು ಎರಡೂ ಕಡೆ ನೋಡಿದ. ಆಮೇಲೆ ಅತ್ತೆಯ ಕಡೆ ತಿರುಗಿದ.

"ಏನಜ್ಜಿ, ನಿಮಗಿಂತ ನಿಮ್ಮ ಕೋಲೇ ಎತ್ತರ ಇದೆ?"

"ಕೊಂಡಾಗ ಸರಿಯಾಗೇ ಇತ್ತು ಕಣಪ್ಪ. ಆಮೇಲೆ ನಾನು ಕುಗ್ಗಿದೆ, ಅದು ಕುಗ್ಗಲಿಲ್ಲ."

ಅವನು ನಕ್ಕ. "ಮೇಲೇನು ಬಟ್ಟಲು?"

ಅವಳು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, "ಕೈ ಜಾರದಿರಲಿ ಅಂತ. ನನ್ನ ದೊಡ್ಡ ಮಗ..." ಎಂದರು. ಅಲ್ಲಿಗೆ ದನಿ ನಿಂತಿತು. ಇಲ್ಲಿಯವರೆಗೆ ಆಡಿದ್ದೆಲ್ಲ ನಾಟಕ. ಇದಲ್ಲ. ಪೊಲೀಸಿನವನು ಅವರ ಮುಖ ನೋಡಿ, ಅವಳ ಮುಖ ನೋಡಿ, ಬಿದ್ದ ಸಾಮಾನುಗಳನ್ನು ತಾನೇ ಚೀಲಕ್ಕೆ ತುಂಬಿದ. ಅತ್ತೆಯ ಮೊಣಕೈ ಹಿಡಿದು ಗೇಟು ದಾಟಿಸಿದ. "ಮೆಲ್ಲಗೆ ಅಜ್ಜಿ, ಅಲ್ಲಿ ಗುಂಡಿ ಇದೆ."

ತಾತನ ಮನೆ ಬಡಗಿಯ ಅಂಗಡಿಯ ಪಕ್ಕದ ಓಣಿಯಲ್ಲಿ. ಬಾಗಿಲು ಬಡಿದಾಗ ಒಂದು ಬೆರಳಿನಷ್ಟೇ ತೆರೆಯಿತು. ಅವಳ ಮುಖ ಕಂಡು ಇನ್ನಷ್ಟು ತೆರೆಯಿತು. ಅತ್ತೆಯ ಕೈಯಲ್ಲಿದ್ದದ್ದು ಕಂಡು ಮತ್ತೆ ಮುಚ್ಚತೊಡಗಿತು. ಅವಳು ಸಂದಿನಲ್ಲಿ ಕಾಲಿಟ್ಟಳು.

"ಅದು ನಂದಲ್ಲ" ಅಂದರು ತಾತ ಒಳಗಿನಿಂದ. "ನನ್ನ ಹತ್ರ ಕೋಲು ಗೀಲು ಏನೂ ಇರಲಿಲ್ಲ. ತಗೊಂಡು ಹೋಗಿ ತಾಯಿ, ನಿಮಗೆ ಪುಣ್ಯ ಬರುತ್ತೆ."

"ತಾತ, ನಾನು ಅವರ ಹೆಂಡತಿ."

"ಗೊತ್ತಮ್ಮ. ಗೊತ್ತು." ದನಿ ಒಡೆಯಿತು. "ಬರೋಕಾಗಲಿಲ್ಲ ನಂಗೆ. ಅವನನ್ನ ಹಿಡ್ಕೊಂಡು ಹೋದಾಗ ಕೋಲು ಯಾರದ್ದು ಅಂತ ಕೇಳಿದ್ರಂತೆ. ನಂದೇ ಅಂದನಂತೆ. ಆವತ್ತಿಂದ ಬಾಗಿಲ ಸದ್ದಾದ್ರೆ ಎದೆ ಹಾರುತ್ತೆ. ಹೆಣಕ್ಕೂ ಮುಖ ತೋರಿಸಲಿಲ್ಲ ನೋಡು ನಾನು. ಅಂಥವನು ನಾನು."

ಅದು ಅವಳಿಗೆ ಗೊತ್ತಿರಲಿಲ್ಲ. ಆ ಬೆಳಗಿನ ನಾಟಕದಲ್ಲಿ ಅವನು ಆ ಭಾಗವನ್ನು ಬಿಟ್ಟಿದ್ದ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಮರೆತುಹೋದವು. ಭಯಪಡಬೇಡಿ ಎಂದು ಹೇಳಲು ಅವಳಿಗೆ ಯಾವ ಅಧಿಕಾರ? ಸಂಜೆ ಮೈದುನ ಬರುತ್ತಾನೆ. ಕೋಲು ಅವನ ಕೈಗೆ ಹೋಗುತ್ತದೆ. ಅಷ್ಟೇ.

ಜಗಲಿಯಲ್ಲಿ ಬಾಗಿಲ ಪಕ್ಕದಲ್ಲೇ ನೀರಿನ ಪೈಪು ಮೇಲೆದ್ದಿತ್ತು. ಅವಳು ಅತ್ತೆಯ ಕೈಯಿಂದ ಕೋಲು ತೆಗೆದುಕೊಂಡಳು. ಕೊನೆಯ ಸಲ ಒಮ್ಮೆ ಕೇಳೋಣ ಅನ್ನಿಸಿತು, ಅದಕ್ಕಿಂತ ಹೆಚ್ಚೇನಿಲ್ಲ. ತುದಿಯನ್ನು ಪೈಪಿಗಿಟ್ಟು ಬಟ್ಟಲಿಗೆ ಕಿವಿ ಕೊಟ್ಟಳು. ಸಣ್ಣಗೆ, ಎಡೆಬಿಡದೆ, ಎಳೆ ಎಳೆಯಾಗಿ ಒಂದು ಸದ್ದು.

"ತಾತ" ಅಂದಳು, "ಸೋರ್ತಿದೆ."

"ಏನು?"

"ನಿಮ್ಮ ಮನೆ ಪೈಪು. ಸೋರ್ತಿದೆ."

ಬಾಗಿಲು ಪೂರ್ತಿ ತೆರೆಯಿತು. ಸಣಕಲು ದೇಹ, ಬನಿಯನ್ನು, ಒಂದು ಕಿವಿಗೆ ಹತ್ತಿ. "ನನ್ನ ಮನೇಲಾ? ಏನ್ ಮಾತೂಂತ ಆಡ್ತಿದೀಯ! ಊರೆಲ್ಲ ಸೋರಿದ್ರೂ ನನ್ನ ಮನೆ ಸೋರಲ್ಲ. ಹಿಡಿಯೋದೇ ತಪ್ಪು ನೀನು. ಯಾರು ಕಲಿಸಿದ್ದು ಹೀಗೆ? ಅವನೇ ಇರಬೇಕು. ಈಚೆ ಸರಿ, ಕೊಡಿಲ್ಲಿ."

ತಾತ ಕೋಲು ಕಿತ್ತುಕೊಂಡರು. ಬೀದಿ ಕಾಣುವ ಜಗಲಿಯಲ್ಲಿ, ಹಾಡುಹಗಲಲ್ಲಿ, ಮೊಣಕಾಲೂರಿ ಕೂತು ಹತ್ತಿಯಿಲ್ಲದ ಕಿವಿಯನ್ನು ಬಟ್ಟಲಿಗೆ ಒತ್ತಿದರು. ಅತ್ತೆ ಏನೋ ಹೇಳಹೋದರೆ ಕೈಯೆತ್ತಿ ತಡೆದರು. ಎದುರಿನ ಕಿಟಕಿಯಲ್ಲಿ ಯಾರದೋ ತಲೆ ಇಣುಕಿತು. ತಾತ ಕಣ್ಣು ಮುಚ್ಚಿದ್ದರು.

"ಸೋರಿಕೆ ಅಲ್ಲ ಇದು" ಅಂದರು ಕೊನೆಗೆ. "ಹಿಂದಿನ ಮನೆಯವಳು ನಲ್ಲೀನ ಸಣ್ಣಗೆ ಬಿಟ್ಟು ಕೊಡ ಇಟ್ಟಿದ್ದಾಳೆ. ಸೋರಿಕೆ ಸದ್ದು ಒಂದೇ ಥರ ಇರುತ್ತೆ. ಕೊಡ ತುಂಬ್ತಾ ತುಂಬ್ತಾ ಸದ್ದು ಬದಲಾಗುತ್ತೆ. ಈ ವ್ಯತ್ಯಾಸ ಅವನಿಗೆ ಕೊನೇವರೆಗೂ ತಿಳೀಲಿಲ್ಲ. ಎಷ್ಟು ರಸ್ತೆ ಅಗೆಸಿದ ಪುಣ್ಯಾತ್ಮ!"

ಹೇಳಿ ಮುಗಿಸಿದ ಮೇಲೆ ತಮ್ಮ ಕೈಯಲ್ಲಿದ್ದುದನ್ನು ನೋಡಿದರು. ಎದುರಿನ ಕಿಟಕಿಯನ್ನು ನೋಡಿದರು. ಅವಳು ಕಾದಳು. ಅವರು ಮತ್ತೆ ಬಾಗಿಲು ಹಾಕಿಕೊಂಡರೆ ಒಂದು ಮಾತೂ ಆಡದೆ ಹೋಗುವುದು ಎಂದುಕೊಂಡಳು.

ಕಿಟಕಿಯವನು ಕೂಗಿದ: "ಏನ್ ತಾತ ಅದು, ಯಾರದ್ದು ಕೋಲು?"

ತಾತ ಕೋಲೂರಿ ಎದ್ದು ನಿಂತರು.

"ನಂದು ಕಣಯ್ಯ" ಅಂದರು. ದನಿ ಸಣ್ಣದಾಗಿತ್ತು, ಅದಕ್ಕೇ ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದರು. "ನಂದೇ. ಶಿಷ್ಯ ತಗೊಂಡು ಹೋಗಿದ್ದ."

ಅವಳ ಕೆನ್ನೆ ಒದ್ದೆಯಾಗಿತ್ತು. ಯಾವಾಗ ಆಯಿತೋ ತಿಳಿಯಲಿಲ್ಲ.

"ಕೊಡೋದು ತಡವಾಯ್ತು ತಾತ" ಅಂದಳು.